ಅಟ್ಟದ ಮೇಲಿನವನಿಗೆ ಜಾತಕ ಬರೆದ ಚಿತ್ರ

ಅಟ್ಟ ಎಂದೊಡನೆ ನನಗೆ ನೆನಪಾಗುವುದು ಮಂಡ್ಯದ ಹತ್ತಿರದ ಹಳ್ಳಿಯಲ್ಲಿದ್ದ ಅಜ್ಜಿಯ ಮನೆ. ನಡುಮನೆಯಿಂದ ಏಣಿ ಹಾಕಿ ಹತ್ತಬೇಕಾಗಿದ್ದ ಆ ಅಟ್ಟದಲ್ಲಿ ಹುಣಸೆಹಣ್ಣಿನ ಗಡಿಗೆಗಳು, ಬೆಲ್ಲದ ಮೂಟೆಗಳು, ಮದುವೆ ಮುಂಜಿಗೆ ಮಾತ್ರ ಕೆಳಗಿಳಿಯುತ್ತಿದ್ದ ಹಿತ್ತಾಳೆ ಹಂಡೆಗಳು ಇದ್ದವು. ಇವೆಲ್ಲದರ ಹಿಂದೆ ಗುಮ್ಮನೂ ಇದ್ದಾನೆ ಎಂದು ಅಜ್ಜಿ ಹೇಳುತ್ತಿದ್ದರು. ಅವನು ಯಾರ ಮಗ, ಯಾವ ಊರಿನವನು, ಊರಿನಲ್ಲಿ ಅಷ್ಟು ಮನೆಗಳಿರುವಾಗ ನಮ್ಮ ಅಟ್ಟಕ್ಕೇ ಏಕೆ ಬಂದು ಸೇರಿಕೊಂಡ ಎಂದು ನಾವು ಮಕ್ಕಳಾರೂ ಕೇಳಲಿಲ್ಲ. ಕೇಳಿದ್ದರೆ, ಅಜ್ಜಿ ಏನಾದರೊಂದು ಉತ್ತರ ಕೊಟ್ಟಿದ್ದರೆ, ಬಹುಶಃ ಅಂದೇ ನಮ್ಮ ಹೆದರಿಕೆ ಮುಗಿದುಹೋಗುತ್ತಿತ್ತು. 2006ರಲ್ಲಿ ತೆರೆಕಂಡ ‘ಬ್ಲ್ಯಾಕ್ ಕ್ರಿಸ್‌ಮಸ್’ ಚಿತ್ರವು ಕೇಳಬಾರದ ಆ ಪ್ರಶ್ನೆಯನ್ನೇ ಕೇಳಿ, ಉತ್ತರವನ್ನೂ ತಾನೇ ವಿವರವಾಗಿ ಬರೆದುಕೊಂಡು ಕುಳಿತಿದೆ. ಅದರ ಸೋಲೂ, ಅಲ್ಲಲ್ಲಿ ಮಿಂಚುವ ಅದರ ಸ್ವಂತಿಕೆಯೂ ಈ ಉತ್ತರದ ಸುತ್ತಲೇ ಇವೆ.

ಕಳೆದ ಡಿಸೆಂಬರಿನ ಕೊನೆಯ ವಾರ, ಸಂತ ಫಿಲೋಮಿನಾ ಚರ್ಚಿನ ಜೋಡಿ ಗೋಪುರಗಳಿಗೆ ದೀಪ ಹಾಕಿದ್ದ ದಿನಗಳಲ್ಲಿ, ಮೈಸೂರಿನ ಸರಸ್ವತಿಪುರದ ನಮ್ಮ ಮನೆಯಲ್ಲಿ ಮೂವರು ಕುಳಿತು ಎರಡು ರಾತ್ರಿ ಎರಡು ಚಿತ್ರಗಳನ್ನು ನೋಡಿದೆವು. ಮೂವರೆಂದರೆ ನಾನು, ಇಲ್ಲಿಯೇ ಪಿ.ಜಿ.ಯೊಂದರಲ್ಲಿದ್ದುಕೊಂಡು ಓದುತ್ತಿರುವ ನನ್ನ ಅಕ್ಕನ ಮಗಳು, ಮತ್ತು ಮಂಡ್ಯದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಬಹುಕಾಲ ದುಡಿದು ನಿವೃತ್ತರಾದ, ಈಗ 84 ವರ್ಷದ ನಮ್ಮ ತಂದೆ. ಧನುರ್ಮಾಸದಲ್ಲಿ ಬೆಳಗಿನ ಜಾವ ಎದ್ದು ದೇವಸ್ಥಾನಕ್ಕೆ ಹೋಗಬೇಕಾದವರು ರಾತ್ರಿ ಹನ್ನೊಂದರವರೆಗೆ ಕೊಲೆಗಳನ್ನು ನೋಡುತ್ತ ಕೂರುವುದೇ ಎಂದು ಅಪ್ಪ ಮೊದಲ ದಿನ ಗೊಣಗಿದರು. ಎರಡನೆಯ ದಿನ ಎಲ್ಲರಿಗಿಂತ ಮೊದಲು ಬಂದು ಕುರ್ಚಿ ಹಿಡಿದವರೂ ಅವರೇ. ಹುಡುಗಿಯ ಹಠದಿಂದಾಗಿ ನೋಡುವ ಕ್ರಮ ತಲೆಕೆಳಗಾಗಿ, ಮೊದಲ ರಾತ್ರಿ 2006ರ ಮರುನಿರ್ಮಾಣವನ್ನೂ ಎರಡನೆಯ ರಾತ್ರಿ 1974ರ ಮೂಲವನ್ನೂ ನೋಡಬೇಕಾಯಿತು. ಇದರಿಂದ ನಷ್ಟವೇನೂ ಆಗಲಿಲ್ಲ. ಕೊಲೆಗಾರನ ಪೂರ್ವಾಪರವನ್ನೆಲ್ಲ ತಿಳಿದುಕೊಂಡ ಮೇಲೆ ಮೂಲ ಚಿತ್ರ ಇನ್ನೂ ಹೆದರಿಸುತ್ತದೆಯೇ ಎಂಬುದನ್ನು ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ದಾರಿ ಇರಲಿಲ್ಲ.

ಮೂಲದ ವಿಷಯವನ್ನು ಹೇಳದೆ ಮರುನಿರ್ಮಾಣದ ತೂಕ ಹಾಕಲಾಗದು. ಬಾಬ್ ಕ್ಲಾರ್ಕ್ ನಿರ್ದೇಶಿಸಿದ, ರಾಯ್ ಮೂರ್ ಚಿತ್ರಕಥೆ ಬರೆದ 1974ರ ‘ಬ್ಲ್ಯಾಕ್ ಕ್ರಿಸ್‌ಮಸ್’ ಕೆನಡಾ ದೇಶದ ಚಿತ್ರ. ಟೊರಾಂಟೊ ನಗರದಲ್ಲಿ, ನಿಜವಾದ ಚಳಿಗಾಲದಲ್ಲಿ, ಸುಮಾರು ಆರು ಲಕ್ಷ ಡಾಲರುಗಳಲ್ಲಿ ತಯಾರಾದದ್ದು. ಒಬ್ಬ ಕೊಲೆಗಾರ ಯುವಜನರ ಗುಂಪೊಂದನ್ನು ಒಬ್ಬೊಬ್ಬರನ್ನಾಗಿ ಹರಿತವಾದ ಆಯುಧಗಳಿಂದ ಮುಗಿಸುತ್ತ ಹೋಗುವ ‘ಸ್ಲಾಷರ್’ ಎಂಬ ಚಿತ್ರಪ್ರಕಾರವನ್ನು ಲೋಕಪ್ರಸಿದ್ಧಗೊಳಿಸಿದ್ದು 1978ರ ‘ಹ್ಯಾಲೋವೀನ್’ ಆದರೂ, ಆ ಪ್ರಕಾರದ ಮುಖ್ಯ ಪಟ್ಟುಗಳೆಲ್ಲ ನಾಲ್ಕು ವರ್ಷ ಮೊದಲೇ ಈ ಚಿತ್ರದಲ್ಲಿ ಇವೆ: ಹಬ್ಬದ ದಿನ, ಹುಡುಗಿಯರ ಮನೆ, ಕೊಲೆಗಾರನ ಕಣ್ಣಿನಿಂದಲೇ ನೋಡುವ ಕ್ಯಾಮೆರಾ. ಮೊದಲ ದೃಶ್ಯದಲ್ಲಿ ಆ ಕ್ಯಾಮೆರಾ ಬಳ್ಳಿ ಹಬ್ಬಿಸುವ ಚೌಕಟ್ಟನ್ನು ಹಿಡಿದು ಗೋಡೆ ಹತ್ತಿ ಕಿಟಕಿಯಿಂದ ಅಟ್ಟದೊಳಗೆ ಇಳಿಯುತ್ತದೆ. ಛಾಯಾಗ್ರಾಹಕರ ತಂಡದ ಬರ್ಟ್ ಡಂಕ್ ಅವರು ಕ್ಯಾಮೆರಾವನ್ನು ಹೆಗಲಿಗೇ ಬಿಗಿದುಕೊಂಡು ತಾವೇ ಗೋಡೆ ಹತ್ತಿ ಅದನ್ನು ಚಿತ್ರೀಕರಿಸಿದರು. ಏದುಸಿರು ಬಿಡುತ್ತ ಹತ್ತುವವನು ನಾವೇ ಏನೋ ಎಂದು ಪ್ರೇಕ್ಷಕರಿಗೆ ಅನ್ನಿಸಿಬಿಡುವುದು ಇದರಿಂದಲೇ.

ಕಥೆಯ ಎಳೆ ಎರಡೂ ಚಿತ್ರಗಳಲ್ಲಿ ಒಂದೇ. ಕ್ರಿಸ್‌ಮಸ್ ರಜೆ ಶುರುವಾಗುವ ಹೊತ್ತಿಗೆ ಕಾಲೇಜು ಹುಡುಗಿಯರ ‘ಸೊರೊರಿಟಿ’ ಮನೆಯೊಂದರಲ್ಲಿ ಊರಿಗೆ ಹೋಗುವವರು ಹೋಗಿ, ಕೆಲವರು ಮಾತ್ರ ಉಳಿದಿದ್ದಾರೆ. ನಮ್ಮ ಲೇಡೀಸ್ ಹಾಸ್ಟೆಲನ್ನೂ ಗೆಳತಿಯರ ಸಂಘವನ್ನೂ ಕೂಡಿಸಿದರೆ ಸೊರೊರಿಟಿ ಎಂದು ತಿಳಿದರೆ ಸಾಕು. ಆ ಮನೆಯ ಅಟ್ಟದಲ್ಲಿ ಒಬ್ಬನಿದ್ದಾನೆ. ಆತ ಕೆಳಗಿನವರಿಗೆ ಫೋನ್ ಮಾಡುತ್ತಾನೆ, ಆಮೇಲೆ ಕೊಲ್ಲುತ್ತಾನೆ. ಮಗು ನೋಡಿಕೊಳ್ಳಲು ಬಂದ ಹುಡುಗಿಗೆ ಅದೇ ಮನೆಯ ಮೇಲಂತಸ್ತಿನಿಂದ ಕರೆ ಬರುವ ಅಮೆರಿಕದ ದಂತಕಥೆಯೊಂದರ ನೆರಳು ಇದರ ಮೇಲಿದೆ.

ನಾನು ಮಾನಸಗಂಗೋತ್ರಿಯಲ್ಲಿ ಎಂ.ಎ. ಓದುತ್ತಿದ್ದ ಕಾಲದಲ್ಲಿ ನಮ್ಮ ಹಾಸ್ಟೆಲಿಗೆಲ್ಲ ಇದ್ದದ್ದು ಒಂದೇ ಫೋನು. ಸಂಜೆ ಅದು ಬಾರಿಸಿದರೆ ನಾಲ್ಕೈದು ಹುಡುಗಿಯರು ಅದರ ಸುತ್ತ ಸೇರುತ್ತಿದ್ದೆವು. ಮನೆಯಿಂದ ಬಂದ ಟ್ರಂಕ್ ಕಾಲ್ ಇರಬಹುದೆಂಬ ಆಸೆಯ ಜೊತೆಗೆ, ಯಾರೂ ಮಾತನಾಡದ ‘ಬ್ಲ್ಯಾಂಕ್ ಕಾಲ್’ ಇರಬಹುದೆಂಬ ಅಳುಕೂ ಇರುತ್ತಿತ್ತು. ಒಮ್ಮೊಮ್ಮೆ ಆ ಮೌನವೇ ಬಾಯಿಬಿಟ್ಟು ಹೇಸಿಗೆ ಮಾತುಗಳನ್ನಾಡುತ್ತಿತ್ತು. ಧೈರ್ಯಸ್ಥೆಯೊಬ್ಬಳು ಬೈದು ರಿಸೀವರ್ ಕುಕ್ಕುತ್ತಿದ್ದಳು, ಉಳಿದವರು ನಗುತ್ತಿದ್ದೆವು, ಆದರೆ ಆ ರಾತ್ರಿ ಬಚ್ಚಲುಮನೆಗೆ ಹೋಗುವಾಗ ಇಬ್ಬಿಬ್ಬರಾಗಿ ಹೋಗುತ್ತಿದ್ದೆವು. 1974ರ ಚಿತ್ರದ ಮೊದಲ ಫೋನ್ ದೃಶ್ಯ ಇದನ್ನು ಯಥಾವತ್ತಾಗಿ ಬಲ್ಲದು. ಹುಡುಗಿಯರೆಲ್ಲ ಒಂದು ರಿಸೀವರಿಗೆ ಕಿವಿಗೊಟ್ಟು ನಿಂತಿರುತ್ತಾರೆ. ಅತ್ತಲಿನ ದನಿ ಹಂದಿಯಂತೆ ಗುಟುರು ಹಾಕಿ, ಮಗುವಿನಂತೆ ಅತ್ತು, ಹೆಂಗಸಿನಂತೆ ಗದರಿ, ಕೊನೆಗೆ ತಣ್ಣಗೆ ಒಂದೇ ಮಾತಿನಲ್ಲಿ ಕೊಲ್ಲುವೆನೆನ್ನುತ್ತದೆ. ಆ ದನಿಗಾಗಿ ನಟ ನಿಕ್ ಮ್ಯಾನ್ಕೂಸೊ ತಲೆಕೆಳಗಾಗಿ ನಿಂತು ಮಾತನಾಡಿದ್ದರು, ಎದೆಯಲ್ಲಿ ಉಸಿರು ಒತ್ತಿಕೊಂಡು ಬರಲೆಂದು. ನಿರ್ದೇಶಕರೂ ತಮ್ಮ ಕಂಠವನ್ನು ಅದಕ್ಕೆ ಬೆರೆಸಿದ್ದಾರೆ. ಸಂಗೀತಗಾರ ಕಾರ್ಲ್ ಜಿಟ್ರರ್ ಪಿಯಾನೊದ ತಂತಿಗಳಿಗೆ ಫೋರ್ಕು, ಬಾಚಣಿಗೆ, ಚಾಕುಗಳನ್ನು ಕಟ್ಟಿ ನುಡಿಸಿದ ನಾದ ಆ ದನಿಗೆ ಒಡಹುಟ್ಟಿದಂತಿದೆ.

ಈ ದನಿಯ ಗೊಂದಲದಲ್ಲಿ ಎರಡು ಹೆಸರುಗಳು ಮಾತ್ರ ಮತ್ತೆಮತ್ತೆ ಕೇಳಿಸುತ್ತವೆ: ಬಿಲ್ಲಿ ಮತ್ತು ಆಗ್ನೆಸ್. ಬಿಲ್ಲಿ ಏನೋ ಮಾಡಿದ್ದಾನೆ, ಆಗ್ನೆಸ್‌ಗೆ ಏನೋ ಆಗಿದೆ, ಯಾರಿಗೂ ಹೇಳಬಾರದು. ಮೂಲ ಚಿತ್ರ ನಮಗೆ ಕೊಡುವ ಮಾಹಿತಿ ಇಷ್ಟೇ. ಮೂವತ್ತೆರಡು ವರ್ಷಗಳ ನಂತರ ಈ ಎರಡು ಹೆಸರುಗಳ ಹಿಂದೆ ಹೋದವರು ಗ್ಲೆನ್ ಮಾರ್ಗನ್. ‘ದಿ ಎಕ್ಸ್-ಫೈಲ್ಸ್’ ಧಾರಾವಾಹಿಗೆ ಬರೆದ, 2000ದ ‘ಫೈನಲ್ ಡೆಸ್ಟಿನೇಷನ್’ ಚಿತ್ರದ ಚಿತ್ರಕಥೆಯಲ್ಲಿ ಪಾಲುದಾರರಾಗಿದ್ದ, ಹಳೆಯ ಭಯಾನಕ ಚಿತ್ರವೊಂದನ್ನು ಅದಾಗಲೇ ಮರುನಿರ್ಮಿಸಿ ಅನುಭವವಿದ್ದ ಅವರು ದಡ್ಡರಲ್ಲ. ಬಾಬ್ ಕ್ಲಾರ್ಕ್ ಅವರೇ ಕಾರ್ಯಕಾರಿ ನಿರ್ಮಾಪಕರ ಪೈಕಿ ಒಬ್ಬರಾಗಿ ಹೆಸರು ಕೊಟ್ಟಿದ್ದರು. ಚಿತ್ರ ಬಿಡುಗಡೆಯಾದ ಕೆಲವೇ ತಿಂಗಳಲ್ಲಿ, 2007ರ ಏಪ್ರಿಲ್‌ನಲ್ಲಿ, ಅವರು ಮಗನೊಂದಿಗೆ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಹೀಗಾಗಿ ಇದನ್ನು ಮೂಲದ ಮೇಲಿನ ಅಪಚಾರ ಎಂದು ತಳ್ಳಿಹಾಕುವಂತಿಲ್ಲ. ಮಾರ್ಗನ್ ಅವರದು ಮೂಲವನ್ನು ಚೆನ್ನಾಗಿ ಓದಿಕೊಂಡವರ ತಪ್ಪು.

ಅವರು ಬರೆದ ಜಾತಕದ ಪ್ರಕಾರ ಬಿಲ್ಲಿ ಲೆನ್ಸ್ ಯಕೃತ್ತಿನ ರೋಗದಿಂದ ಹಳದಿ ಚರ್ಮದೊಂದಿಗೆ ಹುಟ್ಟಿದ ಮಗು. ತಾಯಿಗೆ ಆ ಮಗುವೆಂದರೆ ಅಸಹ್ಯ. ಮಗನನ್ನು ಪ್ರೀತಿಸುತ್ತಿದ್ದ ತಂದೆಯನ್ನು ಆಕೆ ಪ್ರಿಯಕರನ ಜೊತೆಗೂಡಿ ಕೊಂದು ಮನೆಯಡಿಯಲ್ಲೇ ಹೂಳುತ್ತಾಳೆ, ಅದನ್ನು ಕಂಡ ಹುಡುಗನನ್ನು ಅಟ್ಟಕ್ಕೆ ಹಾಕಿ ಬೀಗ ಜಡಿಯುತ್ತಾಳೆ. ಅಲ್ಲಿಂದ ಮುಂದೆ ಆ ಮನೆಯೊಳಗೆ ನಡೆಯುವ, ಹೇಳಲು ನಾಲಗೆ ಬಾರದ ದೌರ್ಜನ್ಯದಿಂದ ಹುಟ್ಟಿದವಳು ಆಗ್ನೆಸ್. ಅವಳು ಬಿಲ್ಲಿಗೆ ತಂಗಿಯೂ ಹೌದು, ಮಗಳೂ ಹೌದು. ಒಂದು ಕ್ರಿಸ್‌ಮಸ್ ದಿನ ಅಟ್ಟದಿಂದ ಇಳಿದುಬಂದ ಬಿಲ್ಲಿ ಆಗ್ನೆಸ್‌ಳ ಒಂದು ಕಣ್ಣು ಕೀಳುತ್ತಾನೆ, ತಾಯಿಯನ್ನು ಕೊಲ್ಲುತ್ತಾನೆ, ಬಿಸ್ಕತ್ತು ಕತ್ತರಿಸುವ ಅಚ್ಚಿನಿಂದ ಅವಳ ಚರ್ಮವನ್ನೇ ಕತ್ತರಿಸಿ ಬೇಯಿಸಿ ಹಾಲಿನಲ್ಲಿ ಅದ್ದಿಕೊಂಡು ತಿನ್ನುತ್ತಾನೆ. ಆ ಹೊತ್ತಿಗೆ ನಮ್ಮ ಮುಂದೆ ಬೇಕರಿಯಿಂದ ತಂದ ಪ್ಲಮ್ ಕೇಕಿನ ತಟ್ಟೆ ಇತ್ತು. ನಾನೂ ಹುಡುಗಿಯೂ ತಟ್ಟೆಯನ್ನು ಆಚೆ ಸರಿಸಿದೆವು. ಕನ್ನಡಕ ತೆಗೆದಿಟ್ಟಿದ್ದ ಅಪ್ಪ ಮಾತ್ರ ಇನ್ನೊಂದು ತುಂಡು ತೆಗೆದುಕೊಂಡರು.

ಈ ಹಿನ್ನೋಟದ ದೃಶ್ಯಗಳನ್ನು ಮಾರ್ಗನ್ ಬಡಬಡನೆ ಕಟ್ಟಿಲ್ಲ ಎಂಬುದನ್ನು ಒಪ್ಪಬೇಕು. ಹಸಿರು, ಕೆಂಪು, ಹಳದಿಯ ದೀಪಮಾಲೆಗಳ ಬೆಳಕನ್ನಷ್ಟೇ ನೆಚ್ಚಿಕೊಂಡಂತೆ ಕಾಣುವ ಛಾಯಾಗ್ರಹಣದಲ್ಲಿ ಹಬ್ಬದ ಮನೆಯೇ ಜ್ವರ ಬಂದಂತೆ ಉರಿಯುತ್ತದೆ. ಸಂಗೀತ ಶರ್ಲಿ ವಾಕರ್ ಅವರದು. ಹಾಲಿವುಡ್ಡಿನಲ್ಲಿ ವಾದ್ಯಮೇಳಕ್ಕೆ ಬರೆದು ನಡೆಸಿದ ಹೆಣ್ಣುಮಕ್ಕಳು ಬೆರಳೆಣಿಕೆಯಷ್ಟಿದ್ದ ಕಾಲದಲ್ಲಿ ಹೆಸರು ಮಾಡಿದ್ದ ಆಕೆ ಚಿತ್ರ ಬಿಡುಗಡೆಯಾಗುವ ಕೆಲವೇ ವಾರಗಳ ಮೊದಲು, 2006ರ ನವೆಂಬರಿನಲ್ಲಿ, ನಿಧನರಾದರು. ಹಬ್ಬದ ಗಂಟೆಗಳ ನಾದ ಸದ್ದಿಲ್ಲದೆ ಕೆಡುಕಿಗೆ ಹೊರಳುವ ಅವರ ರಚನೆ ಈ ಚಿತ್ರಕ್ಕಿಂತ ದೊಡ್ಡದು. ತೊಂದರೆ ಇರುವುದು ಕೆಲಸಗಾರಿಕೆಯಲ್ಲಿ ಅಲ್ಲ, ಅದನ್ನು ಯಾವುದಕ್ಕೆ ಸುರಿದರು ಎಂಬುದರಲ್ಲಿ. ಬಿಲ್ಲಿಯ ಬಾಲ್ಯವನ್ನು ನೋಡುತ್ತ ನೋಡುತ್ತ ನಮಗೆ ಮರುಕ ಹುಟ್ಟುತ್ತದೆ. ಮರುಕ ಹುಟ್ಟಿದ ಮೇಲೆ ಭಯಕ್ಕೆ ಜಾಗ ಉಳಿಯುವುದಿಲ್ಲ. ಹಾಗೆಂದು ಮರುಕವನ್ನಾದರೂ ಚಿತ್ರ ಬೆಳೆಸುತ್ತದೆಯೋ ಎಂದರೆ ಅದೂ ಇಲ್ಲ. ಮುಂದಿನ ಕಣ್ಣು ಕೀಳುವ ಅವಸರದಲ್ಲಿ ಅದನ್ನು ನಡುದಾರಿಯಲ್ಲೇ ಬಿಡುತ್ತದೆ.

ಕಣ್ಣಿನ ವಿಷಯ ಹೇಳಲೇಬೇಕು. ಮೂಲದಲ್ಲಿ ಕೊಲೆಗಾರನ ಮುಖ ಸ್ಪಷ್ಟವಾಗಿ ಕಾಣುವುದೇ ಇಲ್ಲ. ಬಾಗಿಲ ಸಂದಿಯಲ್ಲಿ ಒಂದೇ ಒಂದು ಕಣ್ಣು, ರೆಪ್ಪೆ ಬಡಿಯದೆ, ನಾಯಕಿಯನ್ನು ನೋಡುತ್ತಿರುತ್ತದೆ. ಆ ಕ್ಷಣಕ್ಕೆ ನಮ್ಮ ಹುಡುಗಿ ಶಾಲನ್ನು ಮೂಗಿನವರೆಗೆ ಎಳೆದುಕೊಂಡಳು. ಮರುನಿರ್ಮಾಣದವರು ಈ ಕಣ್ಣನ್ನು ಕಂಡು ಕಣ್ಣುಗಳೇ ಭಯ ಹುಟ್ಟಿಸುತ್ತವೆ ಎಂದು ತಿಳಿದುಕೊಂಡಂತಿದೆ; ಚಿತ್ರದ ತುಂಬ ಕಣ್ಣುಗಳನ್ನು ಕೀಳುವುದು, ಎಸೆಯುವುದು, ತಿನ್ನುವುದೇ ನಡೆಯುತ್ತದೆ. ಮೂರನೆಯದರ ಹೊತ್ತಿಗೆ ಅದು ಅಡುಗೆಮನೆಯ ಕೆಲಸದಂತಾಗುತ್ತದೆ. ಸೂರಿನಿಂದ ಇಳಿಬಿದ್ದ ಮಂಜುಗಡ್ಡೆಯ ಈಟಿ, ಚೂಪು ಮಾಡಿದ ಪೆಪ್ಪರ್‌ಮಿಂಟ್ ಕಡ್ಡಿ, ಮಂಜಿನ ಮೇಲೆ ಜಾರುವ ಸ್ಕೇಟಿನ ಅಲಗು ಎಂದು ಹಬ್ಬದ ಒಂದೊಂದು ವಸ್ತುವನ್ನೂ ಆಯುಧವಾಗಿಸುವ ಚತುರತೆ ಮೊದಮೊದಲು ನಗೆ ತರಿಸುತ್ತದೆ. ಆದರೆ ಮೂಲದಲ್ಲಿ ಬಾಗಿಲ ಬಳಿ ಪುಟ್ಟ ಮಕ್ಕಳು ನಿಂತು ಕ್ರಿಸ್‌ಮಸ್ ಹಾಡು ಹೇಳುತ್ತಿರುವಾಗ ಮೇಲಿನ ಕೋಣೆಯಲ್ಲಿ ಗಾಜಿನ ಒಂಟಿಕೊಂಬಿನ ಕುದುರೆಯಿಂದ ಬಾರ್ಬ್ ಎಂಬ ಹುಡುಗಿಯ ಕೊಲೆಯಾಗುತ್ತದೆ. ಕೆಳಗಿನ ಹಾಡು ಎಷ್ಟು ಇಂಪಾಗಿದೆಯೆಂದರೆ ಮೇಲಿನ ಕೂಗು ಯಾರಿಗೂ ಕೇಳುವುದಿಲ್ಲ. ಹಬ್ಬವನ್ನು ಭಯಕ್ಕೆ ಬಳಸುವುದು ಎಂದರೆ ಇದು. ಪೆಪ್ಪರ್‌ಮಿಂಟ್ ಕಡ್ಡಿಗೆ ಆ ಶಕ್ತಿ ಇಲ್ಲ.

ಮೂಲದಲ್ಲಿ ಹುಡುಗಿಯರು ಮನುಷ್ಯರಾಗಿದ್ದರು ಎಂಬುದು ಇನ್ನೊಂದು ವ್ಯತ್ಯಾಸ. ಒಲಿವಿಯಾ ಹಸ್ಸೆ ನಟಿಸಿದ ಜೆಸ್ ಗರ್ಭಿಣಿ. ಮಗು ಬೇಡವೆಂದು ತಾನೇ ನಿರ್ಧರಿಸಿ, ಅದನ್ನು ಪ್ರಿಯಕರ ಪೀಟರನಿಗೆ ಅಳದೆ, ಅಂಜದೆ ಹೇಳುತ್ತಾಳೆ. ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಗರ್ಭಪಾತದ ಹಕ್ಕಿನ ಪರ ತೀರ್ಪು ಕೊಟ್ಟದ್ದು 1973ರಲ್ಲಿ. ನಮ್ಮಲ್ಲಿ ವೈದ್ಯಕೀಯ ಗರ್ಭಪಾತದ ಕಾಯಿದೆ ಬಂದದ್ದು 1971ರಲ್ಲಿ. ಕಾಯಿದೆ ಇದ್ದರೂ ಮಾತು ಆಡುವಂತಿರಲಿಲ್ಲ ಎಂಬುದು ಆ ಕಾಲದ ಯಾವ ಹಾಸ್ಟೆಲಿನವರಿಗಾದರೂ ಗೊತ್ತು. ಅಟ್ಟದ ಮೇಲಿನ ಅಪರಿಚಿತನಿಗಿಂತ, ಪಿಯಾನೊ ಒಡೆದುಹಾಕುವ ಪೀಟರನ ಸಿಟ್ಟು ಹೆಚ್ಚು ಅಪಾಯಕಾರಿಯೋ ಏನೋ ಎಂಬ ಅನುಮಾನ ನಮ್ಮೊಳಗೆ ಬೆಳೆಯುತ್ತದೆ. ಮಾರ್ಗೊ ಕಿಡ್ಡರ್ ಅಭಿನಯಿಸಿದ ಬಾರ್ಬ್ ಬಾಯಿಬಡುಕಿ, ಕುಡಿಯುವವಳು, ಒಳಗೊಳಗೇ ತಬ್ಬಲಿ. ಪೊಲೀಸ್ ಠಾಣೆಯ ಪೆದ್ದ ಸಾರ್ಜೆಂಟನಿಗೆ ಅಶ್ಲೀಲ ಪದವೊಂದನ್ನು ಹೊಸ ಟೆಲಿಫೋನ್ ಎಕ್ಸ್‌ಚೇಂಜಿನ ಹೆಸರೆಂದು ನಂಬಿಸಿ ಬರೆಸುತ್ತಾಳೆ. ಅದೇನೆಂದು ಅಪ್ಪ ಕೇಳಿದರು. ಹೊಸ ಎಕ್ಸ್‌ಚೇಂಜಂತೆ ಎಂದಷ್ಟೇ ಹೇಳಿ ಸುಮ್ಮನಾದೆವು.

ಮರುನಿರ್ಮಾಣದಲ್ಲಿ ಕೇಟಿ ಕ್ಯಾಸಿಡಿ, ಮಿಷೆಲ್ ಟ್ರಾಕ್ಟೆನ್‌ಬರ್ಗ್, ಮೇರಿ ಎಲಿಜಬೆತ್ ವಿನ್‌ಸ್ಟೆಡ್, ಲೇಸಿ ಶಾಬೆರ್ ಮುಂತಾದ ಒಳ್ಳೆಯ ನಟಿಯರೇ ಇದ್ದಾರೆ. ಆದರೆ ಅವರಿಗೆ ಮಾಡಲು ಏನೂ ಇಲ್ಲ. ಹಿನ್ನೋಟಗಳೇ ಹೊತ್ತನ್ನು ನುಂಗಿಹಾಕಿರುವುದರಿಂದ ಯಾರು ಯಾರೆಂದು ಗುರುತು ಹತ್ತುವಷ್ಟರಲ್ಲಿ ಅವರು ಸತ್ತಿರುತ್ತಾರೆ. ಮೂಲದಲ್ಲಿ ಫಿಲ್ ಎಂಬ ಹುಡುಗಿಯಾಗಿದ್ದ ಆಂಡ್ರಿಯಾ ಮಾರ್ಟಿನ್ ಇಲ್ಲಿ ವಾರ್ಡನ್ ಸ್ಥಾನದ ಮಿಸ್ ಮ್ಯಾಕ್ ಆಗಿ ಮರಳಿರುವುದು ಮಾತ್ರ ಹಿತವಾದ ಸಂಗತಿ. ಅಂದಿನ ಹಾಸ್ಟೆಲ್ ಹುಡುಗಿಯೇ ಇಂದಿನ ವಾರ್ಡನ್ ಆಗಿ ಬಂದಂತೆ ಕಾಣುತ್ತದೆ. ಮೂಲದ ಮಿಸೆಸ್ ಮ್ಯಾಕ್ ಪುಸ್ತಕದೊಳಗೆ, ಶೌಚಾಲಯದ ನೀರಿನ ತೊಟ್ಟಿಯೊಳಗೆ ಎಲ್ಲೆಲ್ಲೂ ಬಾಟಲಿ ಬಚ್ಚಿಟ್ಟುಕೊಂಡಿದ್ದ ಹಾಸ್ಯವಂತೆ. ಅಂಥ ಒಂದು ಗುಟುಕು ಹಾಸ್ಯವನ್ನೂ ಮಾರ್ಟಿನ್ ಅವರಿಗೆ ಇಲ್ಲಿ ಕೊಟ್ಟಿಲ್ಲ.

ಹಾಗಾದರೆ ಮರುನಿರ್ಮಾಣದ ಸ್ವಂತಿಕೆ ಎಲ್ಲಿದೆ? ನನಗೆ ಎರಡು ಕಡೆ ಕಂಡಿತು. ಒಂದು, ಆ ಮನೆಯ ಹುಡುಗಿಯರು ಪ್ರತಿ ಕ್ರಿಸ್‌ಮಸ್‌ಗೂ ಮರದ ಕೆಳಗೆ ಬಿಲ್ಲಿಯ ಹೆಸರಿನಲ್ಲೂ ಒಂದು ಉಡುಗೊರೆ ಇಡುವ ಸಂಪ್ರದಾಯ. ಹಿರಿಯರಿಗೂ ಬೀದಿಯ ಮಾರಮ್ಮನಿಗೂ ಎಡೆ ಇಟ್ಟು ಸಮಾಧಾನ ಮಾಡುವ ನಮ್ಮವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೊಲೆಗಾರನೊಬ್ಬ ಸಣ್ಣ ಗ್ರಾಮದೇವತೆಯಾಗಿ ಬದಲಾಗುವುದನ್ನು, ಎಡೆ ತಪ್ಪಿದರೆ ಏನಾಗುವುದೆಂಬುದನ್ನು ಹಿಡಿದು ಒಂದು ಇಡೀ ಚಿತ್ರ ಮಾಡಬಹುದಿತ್ತು. ಇಲ್ಲಿ ಅದು ಐದು ನಿಮಿಷದ ತಮಾಷೆಯಾಗಿ ಮುಗಿಯುತ್ತದೆ.

ಎರಡನೆಯದು ಮೊಬೈಲ್ ಫೋನು. ಕೊಲೆಗಾರ ಸತ್ತವರ ಮೊಬೈಲಿನಿಂದಲೇ ಉಳಿದವರಿಗೆ ಕರೆ ಮಾಡುತ್ತಾನೆ. ಪರದೆಯ ಮೇಲೆ ಗೆಳತಿಯ ಹೆಸರು ಮೂಡುತ್ತದೆ, ಎತ್ತಿದರೆ ಬೇರೆ ಯಾರದೋ ಉಸಿರು. 1990ರ ದಶಕದಲ್ಲಿ ಬೆಂಗಳೂರಿನಿಂದ ಹಿಡಿದು ನಮ್ಮ ಮಂಡ್ಯದ ಕಡೆಯ ಹಳ್ಳಿಗಳವರೆಗೆ ಬಾಗಿಲುಗಳ ಮೇಲೆಲ್ಲ ‘ನಾಳೆ ಬಾ’ ಎಂದು ಬರೆದಿದ್ದ ಕಾಲವನ್ನು ಕಂಡವರಿಗೆ ಇದು ಹೊಸದಲ್ಲ. ರಾತ್ರಿ ಬಂದು ಬಾಗಿಲು ಬಡಿಯುವ ಆ ದೆವ್ವ ಮನೆಯವರದೇ ದನಿಯಲ್ಲಿ ಕರೆಯುತ್ತದೆ, ಓಗೊಟ್ಟು ಬಾಗಿಲು ತೆರೆದವರು ಉಳಿಯುವುದಿಲ್ಲ ಎಂಬ ಸುದ್ದಿಯನ್ನು ಹಗಲಿನಲ್ಲಿ ನಂಬದಿದ್ದವರೂ ಕತ್ತಲಾಗುತ್ತಲೇ ಸೀಮೆಸುಣ್ಣ ಹುಡುಕುತ್ತಿದ್ದರು. ನಮ್ಮ ಮನೆಯ ಬಾಗಿಲ ಮೇಲೂ ಆ ಎರಡು ಪದಗಳಿದ್ದವು. ಬರೆದದ್ದು ತಾನಲ್ಲ ಎಂದು ಅಪ್ಪ ಇಂದಿಗೂ ಹೇಳುತ್ತಾರೆ, ಅಕ್ಷರ ಮಾತ್ರ ಅವರದೇ. ಆ ದೆವ್ವ ಹೆಣ್ಣೋ ಗಂಡೋ, ಸತ್ತದ್ದು ಹೇಗೆ, ಯಾರ ಮೇಲೆ ಅದಕ್ಕೆ ಸೇಡು ಎಂಬುದನ್ನು ಯಾರೂ ಖಚಿತವಾಗಿ ಹೇಳುತ್ತಿರಲಿಲ್ಲ, ಮತ್ತು ಹೇಳದಿದ್ದುದರಿಂದಲೇ ಅದು ಊರಿಂದೂರಿಗೆ ನಡೆಯಬಲ್ಲದಾಗಿತ್ತು. ಪರಿಚಿತರ ಹೆಸರಿನಲ್ಲಿ ಬರುವ ಕರೆಯೆಂಬ ಈ ಭಯವನ್ನು 2006ರಲ್ಲೇ, ಎಲ್ಲರ ಕೈಗೂ ಮೊಬೈಲ್ ಬಂದ ಹೊಸತರಲ್ಲಿ, ಹಿಡಿದದ್ದಕ್ಕಾಗಿ ಮಾರ್ಗನ್ ಅವರನ್ನು ಮೆಚ್ಚಲೇಬೇಕು. ಆದರೆ ಕರೆ ಮಾಡುವವನ ಇಡೀ ವಂಶಾವಳಿ ಅಷ್ಟರಲ್ಲಿ ನಮಗೆ ಬಾಯಿಪಾಠವಾಗಿರುತ್ತದೆ.

ಕೊನೆಯ ಅರ್ಧ ಗಂಟೆಯನ್ನು ಬೇಗ ಹೇಳಿ ಮುಗಿಸಬಹುದು. ಕೊಲೆಗಾರರು ಒಬ್ಬರಲ್ಲ, ಇಬ್ಬರು. ಆಗ್ನೆಸ್ ಕೂಡ ಬೆಳೆದು, ಗೋಡೆಗಳ ಸಂದಿಯಲ್ಲಿ ಓಡಾಡುತ್ತ ಕೊಲ್ಲುತ್ತಿದ್ದಾಳೆ. ಕಥೆ ಮನೆಯಿಂದ ಆಸ್ಪತ್ರೆಗೆ ಹೋಗುತ್ತದೆ, ಅಲ್ಲಿ ಇನ್ನಷ್ಟು ಹೆಣಗಳು ಬೀಳುತ್ತವೆ, ಬಿಲ್ಲಿ ಕ್ರಿಸ್‌ಮಸ್ ಮರದ ತುದಿಗೆ ಚುಚ್ಚಿಕೊಂಡು ಸಾಯುತ್ತಾನೆ. ಮನೆಯನ್ನು ಬಿಟ್ಟ ಕ್ಷಣವೇ ಚಿತ್ರ ತನ್ನ ಅಟ್ಟವನ್ನು ಕಳೆದುಕೊಂಡಿತು. ನಿರ್ದೇಶಕರಿಗೂ ನಿರ್ಮಾಣ ಸಂಸ್ಥೆ ಡೈಮೆನ್ಷನ್‌ಗೂ ನಡುವೆ ಒಮ್ಮತವಿರಲಿಲ್ಲ. ಜಾಹೀರಾತಿನ ತುಣುಕಿನಲ್ಲಿ ತೋರಿಸಿದ ಕೆಲವು ದೃಶ್ಯಗಳು ಚಿತ್ರದಲ್ಲೇ ಇಲ್ಲ, ದೇಶದಿಂದ ದೇಶಕ್ಕೆ ಪ್ರತಿಗಳಲ್ಲೂ ವ್ಯತ್ಯಾಸವಿದೆ. ಅಡುಗೆಮನೆಯಲ್ಲಿ ಇಬ್ಬರು ಭಟ್ಟರು ಉಪ್ಪು ಹಾಕಿದ ರುಚಿ ಈ ಕೊನೆಯ ಭಾಗದಲ್ಲಿ ನಾಲಗೆಗೆ ಹತ್ತುತ್ತದೆ. ಅಮೆರಿಕದಲ್ಲಿ ಇದನ್ನು ಸರಿಯಾಗಿ ಡಿಸೆಂಬರ್ 25ರಂದೇ ಬಿಡುಗಡೆ ಮಾಡಿದ್ದಕ್ಕೆ ಕೆಲವು ಧಾರ್ಮಿಕ ಸಂಘಟನೆಗಳು ಆಕ್ಷೇಪಿಸಿದವು. ಸುಮಾರು 90 ಲಕ್ಷ ಡಾಲರಿನಲ್ಲಿ ತಯಾರಾಗಿ ಎರಡು ಕೋಟಿಗೂ ಮಿಕ್ಕಿ ಗಳಿಸಿದ್ದರಿಂದ ನಷ್ಟವೇನೂ ಆಗಲಿಲ್ಲ.

2019ರಲ್ಲಿ ಸೋಫಿಯಾ ಟಕಾಲ್ ಅವರು ಇದೇ ಹೆಸರಿನಲ್ಲಿ ಮೂರನೆಯ ಚಿತ್ರ ಮಾಡಿದರು. ಇಮೋಜೆನ್ ಪೂಟ್ಸ್ ಅದರ ನಾಯಕಿ. ಕರೆಗಳ ಬದಲು ಮೊಬೈಲಿಗೆ ಸಂದೇಶಗಳು, ಅಟ್ಟದವನ ಬದಲು ಕಾಲೇಜು ಸ್ಥಾಪಕನ ಪ್ರತಿಮೆಯಿಂದ ಒಸರುವ ಕಪ್ಪು ದ್ರವದ ಮಾಟಕ್ಕೆ ಒಳಗಾದ ಹುಡುಗರ ಗುಂಪು. ಗಂಡಸರ ದರ್ಪದ ಬಗ್ಗೆ ಅದು ಹೇಳುವ ಮಾತಿನಲ್ಲಿ ನನಗೆ ತಕರಾರಿಲ್ಲ. ಆದರೆ 1974ರ ಜೆಸ್ ಒಂದು ಮಾತನ್ನೂ ಭಾಷಣವಾಗಿಸದೆ ಹೇಳಿದ್ದನ್ನೇ ಇಲ್ಲಿ ಎಲ್ಲರೂ ಸರದಿಯಂತೆ ಭಾಷಣ ಮಾಡಿ ಹೇಳುತ್ತಾರೆ. ಹೆಸರನ್ನು ಬಿಟ್ಟರೆ ಮೂಲದ ಜೊತೆ ಅದಕ್ಕೆ ನೆಂಟಸ್ತನ ಕಡಿಮೆ.

ಇನ್ನು ಎರಡನೆಯ ರಾತ್ರಿಯ ವಿಷಯ. ಅಪ್ಪ ಮೊದಲೇ ಬಂದು ಕುಳಿತದ್ದೇಕೆಂದರೆ, ಹಳೆಯ ಚಿತ್ರದಲ್ಲಿ ಟೆಲಿಫೋನ್ ಎಕ್ಸ್‌ಚೇಂಜ್ ಬರುತ್ತದೆ ಎಂದು ನಾನು ಬಾಯಿಬಿಟ್ಟಿದ್ದೆ. ಕರೆ ಎಲ್ಲಿಂದ ಬರುತ್ತಿದೆ ಎಂದು ಪತ್ತೆಹಚ್ಚಲು ಪೊಲೀಸರು ಎಕ್ಸ್‌ಚೇಂಜಿನಲ್ಲಿ ಒಬ್ಬನನ್ನು ನಿಲ್ಲಿಸಿರುತ್ತಾರೆ. ಕರೆ ಬಂದೊಡನೆ ಆತ ಕಟಕಟಿಸುವ ಸ್ವಿಚ್ಚುಗಳ ಸಾಲುಗಳ ನಡುವೆ ಓಡುತ್ತಾನೆ. ಅಪ್ಪ ಕುರ್ಚಿಯ ತುದಿಗೆ ಬಂದರು. ಡಯಲ್ ಮಾಡಿದ ಅಂಕಿಗಳಿಗೆ ತಕ್ಕಂತೆ ಸೆಲೆಕ್ಟರ್ ಎಂಬ ಸ್ವಿಚ್ಚುಗಳು ಒಂದಾದ ಮೇಲೊಂದು ಮೇಲೇರಿ ತಿರುಗಿ ನಿಲ್ಲುವ ಸ್ಟ್ರೌಜರ್ ಪದ್ಧತಿಯಲ್ಲಿ, ಕರೆಯ ಮೂಲ ಹಿಡಿಯಬೇಕಾದರೆ ಕರೆ ಕಡಿಯುವುದರೊಳಗೆ ಒಂದು ಸೆಲೆಕ್ಟರಿನಿಂದ ಅದರ ಹಿಂದಿನ ಸೆಲೆಕ್ಟರಿಗೆ ಹೀಗೆಯೇ ಓಡಿ ಕಣ್ಣಿನಿಂದ ನೋಡಬೇಕಾಗಿತ್ತು. ಅದಕ್ಕೇ ಕರೆ ಮಾಡಿದವನನ್ನು ಮಾತಿನಲ್ಲಿ ಹಿಡಿದಿಟ್ಟುಕೊಳ್ಳಲು ಹೇಳುತ್ತಿದ್ದರು ಎಂದು ಅವರು ಮೊಮ್ಮಗಳಿಗೆ ವಿವರಿಸಿದರು. ಈ ಯಂತ್ರಕ್ಕೆ 1891ರಲ್ಲಿ ಪೇಟೆಂಟ್ ಪಡೆದ ಆಲ್ಮನ್ ಸ್ಟ್ರೌಜರ್ ಅಮೆರಿಕದಲ್ಲಿ ಶವಸಂಸ್ಕಾರದ ವ್ಯವಸ್ಥೆ ಮಾಡಿಕೊಡುವ ಕಸುಬಿನವನು. ತನಗೆ ಬರಬೇಕಾದ ಕರೆಗಳನ್ನು ಆಪರೇಟರ್ ಪ್ರತಿಸ್ಪರ್ಧಿಗೆ ತಿರುಗಿಸುತ್ತಿದ್ದಾಳೆಂಬ ಗುಮಾನಿಯಿಂದ ಆಪರೇಟರೇ ಬೇಡದ ಯಂತ್ರವನ್ನು ಅವನು ಕಂಡುಹಿಡಿದನೆಂಬ ಕಥೆ ಆ ವೃತ್ತಿಯವರಲ್ಲಿ ಪ್ರಸಿದ್ಧ. ಹೆಣದ ಕಸುಬಿನವನ ಯಂತ್ರದೊಳಗೆ ಕೊಲೆಗಾರನನ್ನು ಹುಡುಕುತ್ತ ಓಡುವ ಆ ಮನುಷ್ಯನ ಬೂಟಿನ ಸದ್ದು, ನನ್ನ ಮಟ್ಟಿಗೆ, ಮರುನಿರ್ಮಾಣದ ಎಲ್ಲ ಕೊಲೆಗಳಿಗಿಂತ ಎದೆ ನಡುಗಿಸುವಂಥದ್ದು. ಮೊಬೈಲಿನ ಕಾಲದ ಚಿತ್ರಕ್ಕೆ ಈ ಓಟ ಸಾಧ್ಯವಿಲ್ಲ. ಅದರ ಬದಲಿಗೆ ಇಡಬಹುದಾದದ್ದು ಏನೆಂದು ಮಾರ್ಗನ್ ಹುಡುಕಿಕೊಳ್ಳಲಿಲ್ಲ.

ಎಕ್ಸ್‌ಚೇಂಜಿನವನು ಕಂಡುಹಿಡಿಯುವುದೇನೆಂದರೆ, ಕರೆಗಳು ಆ ಮನೆಯೊಳಗಿನಿಂದಲೇ ಬರುತ್ತಿವೆ. ಕ್ಲೇರ್ ಎಂಬ ಹುಡುಗಿ ಚಿತ್ರದ ಆರಂಭದಲ್ಲೇ ಸತ್ತು, ಮುಖಕ್ಕೆ ಪ್ಲಾಸ್ಟಿಕ್ ಸುತ್ತಿಕೊಂಡು ಅಟ್ಟದ ಕಿಟಕಿಯ ಪಕ್ಕದ ತೂಗುಕುರ್ಚಿಯಲ್ಲಿ ಕುಳಿತಿದ್ದಾಳೆ; ಅವಳ ತಂದೆ, ಪೊಲೀಸರು, ಊರಿನವರು ಪಾರ್ಕಿನಲ್ಲೆಲ್ಲ ದೀಪ ಹಿಡಿದು ಅವಳನ್ನು ಹುಡುಕುತ್ತಾರೆ. ತಲೆಯೆತ್ತಿ ಕಿಟಕಿ ನೋಡಿದ್ದರೆ ಸಾಕಿತ್ತು. ಕೊನೆಯವರೆಗೂ ಯಾರೂ ನೋಡುವುದಿಲ್ಲ. ಪೀಟರನೇ ಕೊಲೆಗಾರನೆಂದು ತಿಳಿದು ಜೆಸ್ ನೆಲಮಾಳಿಗೆಯಲ್ಲಿ ಅವನನ್ನು ಕೊಂದಿದ್ದಾಳೆ, ಪೊಲೀಸರೂ ಹಾಗೆಯೇ ತಿಳಿದು ಕಡತ ಮುಚ್ಚಿದ್ದಾರೆ, ಔಷಧಿ ಕೊಟ್ಟು ಅವಳನ್ನು ಅದೇ ಮನೆಯಲ್ಲಿ ಮಲಗಿಸಿದ್ದಾರೆ. ಅಟ್ಟದಲ್ಲಿ ಇನ್ನೂ ಯಾರೋ ಪಿಸುಗುಡುತ್ತಿದ್ದಾನೆ. ಈ ಅಂತ್ಯ ಬೇಡ, ಕೊಲೆಗಾರ ಯಾರೆಂದು ತೋರಿಸಿ ಎಂದು ಅಮೆರಿಕದ ವಿತರಕರಾದ ವಾರ್ನರ್ ಬ್ರದರ್ಸ್ ಕೇಳಿದಾಗ ಬಾಬ್ ಕ್ಲಾರ್ಕ್ ಒಪ್ಪಲಿಲ್ಲ. 2006ರ ಚಿತ್ರವನ್ನು, ಅಂದು ಅವರು ಒಪ್ಪದಿದ್ದ ಬೇಡಿಕೆಯನ್ನು ತಡವಾಗಿ ಪೂರೈಸಿಕೊಟ್ಟ ಚಿತ್ರವೆನ್ನಬಹುದು.

ಹಿಂದಿನ ರಾತ್ರಿ ಬಿಲ್ಲಿಯ ಜಾತಕವನ್ನೆಲ್ಲ ಕೇಳಿದ್ದ ನಮ್ಮ ಹುಡುಗಿ ಈ ಹೊತ್ತಿಗೆ ನನ್ನ ತೋಳು ಹಿಡಿದುಕೊಂಡಿದ್ದಳು. ಇವನು ಯಾರೆಂದು ನಿನಗೆ ಗೊತ್ತೇ ಇದೆಯಲ್ಲ ಎಂದು ಕೇಳಿದೆ. “ಇಲ್ಲ ಚಿಕ್ಕಮ್ಮ, ನಿನ್ನೆ ನೋಡಿದ್ವಲ್ಲ, ಅವನಲ್ಲ ಇವನು,” ಎಂದಳು.

ಸುಮಾರು ಒಂದೂವರೆ ಗಂಟೆಯ ಮರುನಿರ್ಮಾಣವನ್ನು ಶರ್ಲಿ ವಾಕರ್ ಅವರ ಸಂಗೀತಕ್ಕಾಗಿ, ಆ ಬಣ್ಣದ ಬೆಳಕಿಗಾಗಿ, ರಕ್ತದ ದೃಶ್ಯಗಳಿಗೆ ಹೇಸದವರು ಒಮ್ಮೆ ನೋಡಬಹುದು. ಊಟದ ಹೊತ್ತಿನಲ್ಲಿ ಬೇಡ, ಮಕ್ಕಳ ಜೊತೆ ಖಂಡಿತ ಬೇಡ. ಮೂಲವನ್ನು ದೀಪ ಆರಿಸಿ, ದನಿ ಜೋರು ಮಾಡಿಕೊಂಡು, ಹೆಸರುಗಳ ಪಟ್ಟಿ ಮುಗಿಯುವವರೆಗೂ ಕುಳಿತು ನೋಡಬೇಕು. ಏಕೆಂದರೆ ಚಿತ್ರ ಮುಗಿದು ಹೆಸರುಗಳು ಏರುತ್ತಿರುವಾಗ ಬೇರೆ ಸಂಗೀತವಿಲ್ಲ. ಹೊರಗಿನಿಂದ ಕಾಣುವ ಆ ಮನೆಯೊಳಗೆ ಫೋನು ಬಾರಿಸತೊಡಗುತ್ತದೆ, ಬಾರಿಸುತ್ತಲೇ ಇರುತ್ತದೆ. ಎಕ್ಸ್‌ಚೇಂಜಿನ ದೃಶ್ಯ ಮುಗಿದ ಮೇಲೆ ತೂಕಡಿಸುತ್ತಿದ್ದ ಅಪ್ಪ ಆ ಸದ್ದಿಗೆ ಎಚ್ಚರಗೊಂಡು, ಯಾರೂ ಏಕೆ ಎತ್ತುತ್ತಿಲ್ಲ ಎಂದು ಕೇಳಿದರು. ಮನೆಯಲ್ಲಿ ಎತ್ತುವವರಾರೂ ಉಳಿದಿಲ್ಲ, ಒಬ್ಬಳಿದ್ದಾಳೆ, ಅವಳಿಗೆ ಎಚ್ಚರವಿಲ್ಲ ಎಂದೆ. ಅವರು ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿದರು. “ಲೈನ್ ಏನೋ ಸರಿಯಾಗೇ ಇದೆ,” ಎಂದು ಕನ್ನಡಕ ಹುಡುಕತೊಡಗಿದರು.